ಅಂಗಳದಿಂದ ಆಕಾಶಕ್ಕೆ ಕಿವಿಗೊಟ್ಟವರು: ಗ್ರೋಟ್ ರೀಬರ್

ಮಸ್ಕತ್ತಿನಲ್ಲಿ ಸಂಸಾರ ಹೂಡಿದ ನಮಗೆ ತಾರಸಿಯ ಮೇಲಿನ ಡಿಶ್ ಆಂಟೆನಾ ಹೊಸದಲ್ಲ. ಎಷ್ಟೋ ವರ್ಷ ಊರಿನ ಸುದ್ದಿಯೂ ಹಾಡೂ ಅದರ ಮೂಲಕವೇ ನಮ್ಮ ಮನೆಯೊಳಗೆ ಬಂದಿವೆ. ಅದೇ ಬೋಗುಣಿಯಾಕಾರದ ಆಂಟೆನಾವೊಂದನ್ನು 1937ರಲ್ಲಿ ಅಮೆರಿಕದ ತರುಣರೊಬ್ಬರು ತಾಯಿಯ ಮನೆಯ ಅಂಗಳದಲ್ಲಿ ಕಟ್ಟಿ ನಿಲ್ಲಿಸಿದರು. ಅವರಿಗೆ ಬೇಕಾಗಿದ್ದುದು ನಕ್ಷತ್ರಲೋಕದ ಸುದ್ದಿ. ಅವರೇ ಗ್ರೋಟ್ ರೀಬರ್. ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯಲು ಕಾರಣವಿದೆ. ನಮ್ಮ ಸಂಘದ ಕೆಲಸದಂತೆ ಅವರ ಸಾಧನೆಯೂ ದುಡಿಮೆ ಮುಗಿದ ಮೇಲಿನ ಹೊತ್ತಿನಲ್ಲಿ, ಸ್ವಂತ ಹಣದಿಂದ ನಡೆದದ್ದು.

ರೀಬರ್ ಹುಟ್ಟಿದ್ದು 1911ರ ಡಿಸೆಂಬರ್ 22ರಂದು, ಷಿಕಾಗೋದಲ್ಲಿ. ಬೆಳೆದದ್ದು ಸಮೀಪದ ವೀಟನ್ ಊರಿನಲ್ಲಿ. ತಾಯಿ ಶಾಲಾ ಉಪಾಧ್ಯಾಯಿನಿ. ಮುಂದೆ ಪ್ರಖ್ಯಾತ ಖಗೋಳವಿಜ್ಞಾನಿಯಾದ ಎಡ್ವಿನ್ ಹಬಲ್ ಆಕೆಯ ಶಿಷ್ಯರಲ್ಲೊಬ್ಬರು. ಹದಿಹರೆಯದಲ್ಲೇ ರೀಬರ್ ಪರವಾನಗಿ ಪಡೆದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರಾದರು. ಈ ಹವ್ಯಾಸ ಒಮಾನಿಗೂ ಪರಿಚಿತವೇ. ಇಲ್ಲಿ 1972ರಿಂದಲೂ ಹ್ಯಾಮ್‌ಗಳ ಸೊಸೈಟಿಯಿದೆ. ದಿವಂಗತ ಸುಲ್ತಾನ್ ಖಾಬೂಸರೇ ಎ41ಎಎ ಎಂಬ ಸಂಕೇತನಾಮದ ಹ್ಯಾಮ್ ಆಗಿದ್ದರು.

ರೀಬರ್ 1933ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಅದೇ ವರ್ಷ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಒಂದು ಸೋಜಿಗವನ್ನು ಪ್ರಕಟಿಸಿದರು. ದೂರವಾಣಿ ಸಂಪರ್ಕಕ್ಕೆ ಅಡ್ಡಿಯಾಗುವ ಗೊರಗೊರ ಸದ್ದಿನ ಮೂಲ ಹುಡುಕುತ್ತಿದ್ದ ಅವರಿಗೆ, ಅದರಲ್ಲೊಂದು ಆಕಾಶಗಂಗೆಯಿಂದ ಬರುತ್ತಿದೆಯೆಂದು ತಿಳಿಯಿತು. ಜಾನ್ಸ್ಕಿಯವರ ಜೊತೆ ಕೆಲಸ ಮಾಡಬೇಕೆಂದು ರೀಬರ್ ಬೆಲ್ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದರು. ಆರ್ಥಿಕ ಮುಗ್ಗಟ್ಟಿನ ಕಾಲ, ಕೆಲಸ ಸಿಗಲಿಲ್ಲ. ಖಗೋಳಜ್ಞರಾದರೂ ಈ ಸದ್ದಿನ ಬೆನ್ನು ಹತ್ತಲಿಲ್ಲ. ಹಾಗಾದರೆ ತಾನೇ ಮಾಡುವುದೆಂದು ರೀಬರ್ ನಿರ್ಧರಿಸಿದರು.

ಮರದ ಚೌಕಟ್ಟು, ಅದಕ್ಕೆ ಸತುವಿನ ಲೇಪದ ಕಬ್ಬಿಣದ ತಗಡು. ನಾಲ್ಕು ತಿಂಗಳಲ್ಲಿ ಸುಮಾರು 31 ಅಡಿ ಅಗಲದ ಬೋಗುಣಿ ಅಂಗಳದಲ್ಲಿ ತಲೆಯೆತ್ತಿತು. ನೆರೆಹೊರೆಯವರಿಗೆ ಇದೇನೆಂದು ಬಗೆಹರಿಯಲಿಲ್ಲ. ಮಕ್ಕಳಿಗೆ ಅದು ಹತ್ತಿ ಆಡುವ ಜಾಗವಾಯಿತು. ತಾಯಿಗೆ ಬಟ್ಟೆ ಒಣಹಾಕಲು ಅನುಕೂಲವಾಯಿತು.

ಹಗಲಿಡೀ ಷಿಕಾಗೋದ ರೇಡಿಯೋ ಕಂಪನಿಯಲ್ಲಿ ದುಡಿಮೆ. ಸಂಜೆ ಮನೆಗೆ ಬಂದು, ಊಟ ಮುಗಿಸಿ ಒಂದಿಷ್ಟು ನಿದ್ದೆ. ನಡುರಾತ್ರಿ ಎದ್ದು ಬೆಳಗಿನವರೆಗೆ ಮಾಪಕ ನೋಡಿ ಬರೆದುಕೊಳ್ಳುವ ಕೆಲಸ. ಹಗಲಲ್ಲಿ ಮೋಟಾರು ಗಾಡಿಗಳ ಎಂಜಿನ್ ಕಿಡಿಗಳೇ ಗದ್ದಲವೆಬ್ಬಿಸಿ ಆಕಾಶದ ದನಿಯನ್ನು ನುಂಗಿಬಿಡುತ್ತಿದ್ದವು.

ಕಾಯ್ದ ವಸ್ತು ಹೆಚ್ಚಿನ ಕಂಪನಾಂಕದಲ್ಲಿ ಜೋರಾಗಿ ಕೇಳಿಸಬೇಕೆಂಬುದು ಆಗಿನ ಲೆಕ್ಕಾಚಾರ. ಅದರಂತೆ 3300 ಮೆಗಾಹರ್ಟ್ಸ್‌ನಲ್ಲಿ ಆಲಿಸಿದರು; ಏನೂ ಇಲ್ಲ. ಹೊಸ ಗ್ರಾಹಕ ಕಟ್ಟಿ 910ರಲ್ಲಿ ಆಲಿಸಿದರು, ಆಗಲೂ ಇಲ್ಲ. ಮೂರನೆಯ ಸಲ 160ಕ್ಕೆ ಇಳಿಸಿದಾಗ ಆಕಾಶಗಂಗೆ ಕೇಳಿಸಿತು. ಹಿಂದಿನ ಎರಡು ಸೋಲುಗಳೂ ವ್ಯರ್ಥವಾಗಲಿಲ್ಲ. ಈ ಸದ್ದಿಗೆ ಬರಿಯ ಶಾಖ ಕಾರಣವಲ್ಲವೆಂಬುದು ಅವುಗಳಿಂದಲೇ ತಿಳಿಯಿತು. ಕಾಂತಕ್ಷೇತ್ರಗಳಲ್ಲಿ ಅತಿವೇಗವಾಗಿ ಸುತ್ತುವ ಎಲೆಕ್ಟ್ರಾನ್‌ಗಳೇ ಇದರ ಮೂಲವೆಂದು ವಿಜ್ಞಾನ ಮುಂದೆ ಕಂಡುಕೊಂಡಿತು. ರೀಬರ್ 1940ರಲ್ಲಿ ಫಲಿತಾಂಶ ಪ್ರಕಟಿಸಿದರು. 1944ರಲ್ಲಿ ರೇಡಿಯೋ ಆಕಾಶದ ನಕಾಶೆಯನ್ನೇ ಕೊಟ್ಟರು. ಮಹಾಯುದ್ಧ ಮುಗಿಯುವವರೆಗೂ ಈ ಶಾಸ್ತ್ರವನ್ನು ಜಗತ್ತಿನಲ್ಲಿ ಹೆಚ್ಚುಕಡಿಮೆ ಅವರೊಬ್ಬರೇ ಕೈಹಿಡಿದು ನಡೆಸಿದರು.

ಹ್ಯಾಮ್‌ಗಳ ಆಕಾಶದ ನಂಟು ಅಲ್ಲಿಗೇ ನಿಲ್ಲಲಿಲ್ಲ. 1946ರಲ್ಲಿ ಅಮೆರಿಕದ ಸೇನೆ ಚಂದ್ರನಿಗೆ ರೇಡಿಯೋ ತರಂಗ ತಾಗಿಸಿ ಪ್ರತಿಧ್ವನಿ ಪಡೆಯಿತು. 1960ರಲ್ಲಿ ಹವ್ಯಾಸಿಗಳು ಅದೇ ಹಾದಿಯಲ್ಲಿ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು. ಹೋಗಿಬರಲು ಸುಮಾರು ಎರಡೂವರೆ ಸೆಕೆಂಡು. ಮರಳಿ ಬರುವ ದನಿ ಅತಿ ಕ್ಷೀಣ. ಹಾಲೆಂಡಿನ ಡ್ವಿಂಗೆಲೋದಲ್ಲಿ 1956ರ ಹಳೆಯ ರೇಡಿಯೋ ದೂರದರ್ಶಕವೊಂದನ್ನು ಸ್ವಯಂಸೇವಕರು ದುರಸ್ತಿ ಮಾಡಿ, ಚಂದ್ರನ ಮೂಲಕ ಮಾತಾಡಲೂ ಆಕಾಶ ಆಲಿಸಲೂ ಬಳಸಿದ್ದಾರೆ.

ರೀಬರ್ ಆ ಹೊತ್ತಿಗೆ ಜನಜಂಗುಳಿಯ ದಾರಿ ಬಿಟ್ಟಿದ್ದರು. 1954ರಲ್ಲಿ ದೇಶ ತೊರೆದು ಆಸ್ಟ್ರೇಲಿಯದ ಟಾಸ್ಮೇನಿಯ ಸೇರಿದರು. ಬಹಳ ಉದ್ದನೆಯ ರೇಡಿಯೋ ಅಲೆಗಳನ್ನು ಭೂಮಿಯ ಅಯಾನುಗೋಳ ಸಾಮಾನ್ಯವಾಗಿ ಒಳಬಿಡುವುದಿಲ್ಲ. ಅಲ್ಲಿನ ಚಳಿಗಾಲದ ರಾತ್ರಿಗಳಲ್ಲಿ ಆ ಪರದೆ ತೆಳುವಾಗುತ್ತದೆ. ಬಾತ್‌ವೆಲ್ ಬಳಿಯ ಕುರಿ ಮೇಯುವ ಬಯಲಿನಲ್ಲಿ ಕಂಬ ನೆಟ್ಟು, ತಂತಿ ಎಳೆದು, ಆ ಅಲೆಗಳಿಗೆ ಕಿವಿಗೊಟ್ಟರು. ಮಹಾಸ್ಫೋಟ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲ. ಆ ವಾದದಲ್ಲಿ ವಿಜ್ಞಾನಲೋಕ ಅವರ ಜೊತೆ ನಿಲ್ಲಲಿಲ್ಲ. 2002ರ ಡಿಸೆಂಬರ್ 20ರಂದು, 91 ತುಂಬಲು ಎರಡು ದಿನವಿರುವಾಗ, ಪರದೇಶದಲ್ಲೇ ಕಣ್ಮುಚ್ಚಿದರು. ಅವರ ಚಿತಾಭಸ್ಮದ ಪಾಲು ಜಗತ್ತಿನ ಹಲವು ರೇಡಿಯೋ ವೀಕ್ಷಣಾಲಯಗಳನ್ನು ಸೇರಿದೆ.

ನಮ್ಮ ಕರ್ನಾಟಕಕ್ಕೂ ಈ ಕಥೆಯ ಎಳೆಯೊಂದುಂಟು. ಗೌರಿಬಿದನೂರಿನಲ್ಲಿ 1976ರ ಸುಮಾರಿಗೆ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಜೋಡಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಆಲಿಸುವ ದೂರದರ್ಶಕ ಕಟ್ಟಿದರು. ಮುಂದಿನ ರಜೆಯಲ್ಲಿ ನಂದಿಬೆಟ್ಟಕ್ಕೆ ಹೋದಾಗ ಮಕ್ಕಳಿಗೆ ಆ ದಿಕ್ಕನ್ನೂ ತೋರಿಸೋಣ; ವೀಟನ್ನಿನ ಅಂಗಳದ ಕಥೆಯನ್ನೂ ಹೇಳೋಣ. ದಿನದ ದುಡಿಮೆ ಮುಗಿಸಿ ನಾಟಕದ ತಾಲೀಮಿಗೆ, ಕನ್ನಡ ತರಗತಿಗೆ ಓಡುವ ನಮಗೆ, ಬಿಡುವಿನ ವೇಳೆಯೂ ಒಂದು ಶಾಸ್ತ್ರವನ್ನು ಬದುಕಿಸಬಲ್ಲದು ಎಂದು ತೋರಿಸಿಕೊಟ್ಟವರು ಅವರು.