ಮುಳ್ಳಿನಿಂದ ಗುಟ್ಟು ತಿಳಿದ ಮೆಚ್ನಿಕಾಫ್

ಬಳ್ಳಾರಿ ಜಾಲಿಯ ಮುಳ್ಳು ಚುಚ್ಚದ ಕಾಲು ನಮ್ಮ ಹಿರೇಹಡಗಲಿಯಲ್ಲಿ ಯಾವುದಾದರೂ ಇದೆಯೇ? ಹೊಲದ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಚಪ್ಪಲಿ ದಾಟಿ ಒಳಗೆ ಬರ್ತದೆ. ತುದಿ ಮುರಿದು ಒಳಗೇ ಉಳಿದರೆ ಮಾರನೇ ದಿನ ಆ ಜಾಗ ಕೆಂಪಗಾಗಿ ಬಾತುಕೊಳ್ಳುತ್ತದೆ, ಆಮೇಲೆ ಕೀವು ತುಂಬುತ್ತದೆ. ಈ ಬಾವು, ಕೀವು ಎಲ್ಲ ಬರೀ ಕೇಡು ಎಂದೇ ನಾವು ತಿಳಿಯುತ್ತೇವೆ. ಹಿಂದೆ ದೊಡ್ಡ ದೊಡ್ಡ ಡಾಕ್ಟರರೂ ಹಾಗೇ ತಿಳಿದಿದ್ದರು. ಹಾಗಲ್ಲ, ಅಲ್ಲಿ ನಮ್ಮ ಶರೀರದ ಕಾವಲುಗಾರರು ಹೋರಾಡುತ್ತಿದ್ದಾರೆ ಎಂದು ತೋರಿಸಿ, ಅದಕ್ಕಾಗಿ ಇಪ್ಪತ್ತೈದು ವರ್ಷ ವಾದ ಮಾಡಿದವರು ಇಲ್ಯಾ ಮೆಚ್ನಿಕಾಫ್.

ಅವರು ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕೋವ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಐದು ಮಕ್ಕಳಲ್ಲಿ ಇವರೇ ಕೊನೆಯವರು. ಚಿಕ್ಕಂದಿನಲ್ಲೇ ಗಿಡ, ಹುಳುಗಳ ಹುಚ್ಚು. ಅಣ್ಣಂದಿರಿಗೂ ಜೊತೆಯ ಹುಡುಗರಿಗೂ ಅದರ ಮೇಲೆ ಪಾಠ ಹೇಳಿ, ಎದ್ದು ಹೋಗದೆ ಕೇಳಲಿ ಅಂತ ತಮ್ಮ ಪುಡಿಗಾಸನ್ನೇ ಕೊಡ್ತಿದ್ದರಂತೆ. (ನಮ್ಮ ಸರ್‌ಗಳು ಇದನ್ನು ಗಮನಿಸಬೇಕು!) ಕಾಲೇಜಿನ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಮುಂದೆ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರರಾದರು.

ಜೀವನ ಮಾತ್ರ ಸುಖವಾಗಿರಲಿಲ್ಲ. 1869ರಲ್ಲಿ ಲ್ಯುಡ್ಮಿಲಾ ಎಂಬುವರನ್ನು ಮದುವೆಯಾದರು. ಆಕೆಗೆ ಆಗಲೇ ಕ್ಷಯ. ಮದುವೆಗೆ ನಡೆದು ಬರುವ ಶಕ್ತಿಯೂ ಇರದೆ ಕುರ್ಚಿಯಲ್ಲಿ ಕೂರಿಸಿಕೊಂಡು ಚರ್ಚಿಗೆ ಕರೆತಂದರು. ನಾಲ್ಕು ವರ್ಷ ಊರಿಂದೂರಿಗೆ ಕರೆದುಕೊಂಡು ಹೋಗಿ ಆರೈಕೆ ಮಾಡಿದರೂ 1873ರಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫರ ಕಣ್ಣೂ ಆಗ ಸರಿಯಿರಲಿಲ್ಲ, ಸೂಕ್ಷ್ಮದರ್ಶಕ ನೋಡುವುದೇ ಕಷ್ಟವಾಗಿತ್ತು. ಬದುಕೇ ಬೇಡ ಅನ್ನುವಷ್ಟು ಕುಗ್ಗಿದ್ದರು. 1875ರಲ್ಲಿ ಓಲ್ಗಾ ಎಂಬುವರನ್ನು ಮದುವೆಯಾದ ಮೇಲೆ ಮತ್ತೆ ಕೆಲಸ ಹಿಡಿದರು.

1882ರಲ್ಲಿ ಒಡೆಸ್ಸಾದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಟಲಿಯ ಮೆಸ್ಸೀನಾ ಎಂಬ ಸಮುದ್ರದ ಊರಿಗೆ ಹೋದರು. ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ಸಿನ ಮಂಗಗಳನ್ನು ನೋಡಲು ಹೊರಟರು. ಊರಿಗೆ ಊರೇ ಮೈಲಾರದ ಜಾತ್ರೆಗೆ ಹೋದಾಗ ಒಬ್ಬರೇ ಮನೆಯಲ್ಲಿ ಉಳಿದರೆ ಹ್ಯಾಗೋ ಹಾಗೆ, ಇವರೊಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ನೋಡುತ್ತಿದ್ದದ್ದು ನಕ್ಷತ್ರಮೀನಿನ ಮರಿಯನ್ನು. ಹೆಸರು ಮೀನು ಅಂತಿದ್ದರೂ ಅದು ಮೀನಲ್ಲ. ಅದರ ಮರಿ ಗಾಜಿನಂತೆ ಪಾರದರ್ಶಕ, ಒಳಗಿನ ಜೀವಕೋಶಗಳು ಹರಿದಾಡುವುದು ಹೊರಗಿನಿಂದಲೇ ಕಾಣುತ್ತದೆ. ಅವರ ತಲೆಗೆ ಒಂದು ವಿಚಾರ ಹೊಳೆಯಿತು. ಈ ಅಲೆದಾಡುವ ಕೋಶಗಳು ಶರೀರವನ್ನು ಕಾಯುವುದಕ್ಕೇ ಇದ್ದರೆ, ಹೊರಗಿನ ವಸ್ತು ಒಳಗೆ ಬಂದಾಗ ಅವು ಅದರ ಸುತ್ತ ಸೇರಬೇಕು. ನಮಗೆ ಮುಳ್ಳು ಚುಚ್ಚಿದಾಗ ಬಾವು ಬರುವ ಹಾಗೇ ಅದಕ್ಕೂ ಆಗಬೇಕು. ನಕ್ಷತ್ರಮೀನಿನ ಮರಿಗೆ ರಕ್ತನಾಳವಿಲ್ಲ, ಆದ್ದರಿಂದ ಬಂದು ಸೇರಿದರೆ ಆ ಕೋಶಗಳು ತಾವಾಗಿಯೇ ನಡೆದು ಬಂದಿವೆ ಎಂದು ಲೆಕ್ಕ.

ಮನೆ ಮುಂದಿನ ಕೈತೋಟದಿಂದ ಗುಲಾಬಿ ಮುಳ್ಳು ತಂದು ಮರಿಗಳ ಚರ್ಮದೊಳಗೆ ಚುಚ್ಚಿದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡು ನಿಂತಿದ್ದವು!

ಈ ಕೋಶಗಳಿಗೆ ವಿಯೆನ್ನಾದ ಕ್ಲೌಸ್ ಎಂಬ ಪ್ರೊಫೆಸರರ ಸಲಹೆಯಂತೆ ಫ್ಯಾಗೊಸೈಟ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ತಿನ್ನುವ ಕೋಶ ಎಂದರ್ಥ. ಮುಂದೆ ಡಾಫ್ನಿಯಾ ಎಂಬ ಸಣ್ಣ ನೀರುಜೀವಿಯ ಹೊಟ್ಟೆಯೊಳಗೆ ಸೂಜಿಯಂಥ ರೋಗಬೀಜಗಳು ಚುಚ್ಚಿಕೊಳ್ಳುವುದನ್ನೂ, ಕೋಶಗಳು ಅವನ್ನು ತಿಂದು ಹಾಕುವುದನ್ನೂ ಕಂಡು 1884ರಲ್ಲಿ ಬರೆದರು. ಕೋಶ ಗೆದ್ದರೆ ಜೀವಿ ಉಳಿಯುತ್ತಿತ್ತು, ಬೀಜ ಗೆದ್ದರೆ ಸಾಯುತ್ತಿತ್ತು.

ಆದರೆ ನಂಬುವವರು ಕಡಿಮೆ. ಬಿಳಿ ರಕ್ತಕಣಗಳ ಒಳಗೆ ರೋಗಾಣು ಇರುವುದನ್ನು ಡಾಕ್ಟರರು ಮೊದಲೇ ನೋಡಿದ್ದರು. ಆದರೆ ಆ ಕಣಗಳೇ ರೋಗಾಣುವನ್ನು ಹೊತ್ತು ಮೈತುಂಬ ಹಂಚುತ್ತವೆ ಎಂದು ಅನೇಕರು ತಿಳಿದಿದ್ದರು. ಅಂದರೆ ಪೊಲೀಸರನ್ನೇ ಕಳ್ಳರು ಎಂದ ಹಾಗಾಯಿತು! ಅಷ್ಟರಲ್ಲಿ 1890ರಲ್ಲಿ ಬೆರಿಂಗ್ ಮತ್ತು ಕಿಟಾಸಾಟೊ ಎಂಬುವರು ಧನುರ್ವಾಯುವಿನ ವಿಷವನ್ನು ರಕ್ತದ ತಿಳಿನೀರೇ ಮುರಿಯುತ್ತದೆ ಎಂದು ತೋರಿಸಿದರು. ಜರ್ಮನಿಯವರು ರಕ್ಷಣೆಯೆಲ್ಲ ಆ ತಿಳಿಯಲ್ಲಿದೆ ಎಂದರು, ಮೆಚ್ನಿಕಾಫ್ ಕೋಶಗಳಲ್ಲಿದೆ ಎಂದರು. ಅಷ್ಟೊತ್ತಿಗೆ, 1888ರಲ್ಲಿಯೇ, ಪ್ಯಾರಿಸ್ಸಿನ ಲೂಯಿ ಪಾಶ್ಚರ್ ಅವರಿಗೆ ತಮ್ಮ ಸಂಸ್ಥೆಯಲ್ಲಿ ಜಾಗ ಕೊಟ್ಟಿದ್ದರು. ಅಲ್ಲಿಂದಲೇ ವರ್ಷಗಟ್ಟಲೆ ಉತ್ತರ ಕೊಡುತ್ತಾ ಹೋದರು. ಕಡೆಗೆ 1908ರ ನೊಬೆಲ್ ಬಹುಮಾನವನ್ನು ಇವರಿಗೂ, ಎದುರು ಪಕ್ಷದ ಪಾಲ್ ಎರ್ಲಿಖ್ ಅವರಿಗೂ ಸೇರಿಸಿ ಕೊಟ್ಟರು. ಎರಡೂ ಕಡೆಯವರು ಹೇಳಿದ್ದು ನಿಜವೇ ಆಗಿತ್ತು. ಮುಳ್ಳು ಚುಚ್ಚಿದಾಗ ಬಿಳಿ ಕಣಗಳು ರೋಗಾಣು ತಿನ್ನುತ್ತವೆ, ಆದರೆ ಧನುರ್ವಾಯುವಿನ ವಿಷವನ್ನು ತಿಂದು ಮುಗಿಸಲು ಅವುಗಳಿಂದ ಆಗುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಧನುರ್ವಾಯು ತಡೆಯುವ ಇಂಜೆಕ್ಷನ್ ಕೊಡುವುದು.

ಈಗ ಗಾಯ ಮಾಯುವುದರ ಬಗ್ಗೆ ಇನ್ನೂ ಹೆಚ್ಚು ಗೊತ್ತಾಗಿದೆ. ಗಾಯವಾದ ಕೆಲವೇ ತಾಸಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಓಡಿ ಬರುತ್ತವೆ. ರೋಗಾಣುಗಳ ಜೊತೆ ಹೋರಾಡಿ ಅಲ್ಲೇ ಸಾಯುತ್ತವೆ. ಕೀವಿನಲ್ಲಿ ಹೆಚ್ಚಾಗಿ ಇರುವುದು ಇವುಗಳ ಹೆಣಗಳೇ. ಎರಡು ಮೂರು ದಿನಕ್ಕೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಸೇರುತ್ತವೆ. ದೊಡ್ಡ ತಿನ್ನುಗ ಎಂಬ ಅರ್ಥದ ಈ ಹೆಸರನ್ನು ಇಟ್ಟವರೂ ಮೆಚ್ನಿಕಾಫರೇ. ಇವು ಸತ್ತ ಕಣಗಳನ್ನು ತಿಂದು ಜಾಗ ಹಸನು ಮಾಡುತ್ತವೆ, ಆಮೇಲೆ ಹೊಸ ಚರ್ಮ ಕಟ್ಟುವ ಕೋಶಗಳನ್ನು ಕರೆಯುತ್ತವೆ. ಹೊಲ ಹರಗಿ ಹಸನು ಮಾಡಿದವನೇ ಬಿತ್ತುವವರನ್ನೂ ಕರೆದ ಹಾಗೆ. 1975ರಲ್ಲಿ ಅಮೆರಿಕದ ಲೀಬೊವಿಚ್ ಮತ್ತು ರಾಸ್ ಎಂಬುವರು ಗಿನಿಯಿಲಿಗಳಲ್ಲಿ ಮ್ಯಾಕ್ರೊಫೇಜ್‌ಗಳನ್ನು ಕಡಿಮೆ ಮಾಡಿ ನೋಡಿದರು. ಗಾಯ ಮಾಯುವುದು ತಡವಾಯಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಕಣಗಳು ಜಗಳದಲ್ಲೇ ಉಳಿದು ಕಟ್ಟುವ ಕೆಲಸಕ್ಕೆ ಸರಿಯಾಗಿ ತಿರುಗುವುದಿಲ್ಲ. ಅಜ್ಜ ಅಜ್ಜಿಯರ ಕಾಲಿನ ಗಾಯ ತಿಂಗಳುಗಟ್ಟಲೆ ಮಾಯದೆ ಇರುವುದಕ್ಕೆ ಇದೂ ಒಂದು ಕಾರಣ. ಅಂಥವರು ಬರಿಗಾಲಲ್ಲಿ ಹೊಲಕ್ಕೆ ಹೋಗಬಾರದು. ಬಾವು ಹಬ್ಬುತ್ತಾ ಹೋದರೆ, ಜ್ವರ ಬಂದರೆ ಯಾರೇ ಆಗಲಿ ಡಾಕ್ಟರ ಹತ್ತಿರ ಹೋಗಲೇಬೇಕು, ಕಣಗಳು ಸೋಲುತ್ತಿವೆ ಎಂದೇ ಅದರ ಅರ್ಥ.

ಕೊನೆಗಾಲದಲ್ಲಿ ಮೆಚ್ನಿಕಾಫ್ ಮೊಸರಿನ ಹಿಂದೆ ಬಿದ್ದರು. ಹುಳಿ ಹಾಲು ಕುಡಿದರೆ ಆಯುಷ್ಯ ಹೆಚ್ಚುತ್ತದೆ ಎಂದು ನಂಬಿ ದಿನಾ ಕುಡಿಯುತ್ತಿದ್ದರು. ಮಜ್ಜಿಗೆ ಇಲ್ಲದೆ ಊಟ ಮುಗಿಸದ ನಮಗೆ ಇದು ಖುಷಿಯ ಮಾತೇ, ಆದರೆ ಅವರು ಅಂದುಕೊಂಡಷ್ಟು ರುಜುವಾತಾಗಲಿಲ್ಲ.

ನಮ್ಮ ನಾಡಿಗೂ ಅವರಿಗೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ಹಾಫ್ಕಿನ್ ಗುರುಗಳ ಹಿಂದೆಯೇ ಪ್ಯಾರಿಸ್ಸಿಗೆ ಹೋಗಿ, ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ಭಾರತಕ್ಕೆ ಬಂದು 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಮಾಡಿದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಬಿದ್ದಾಗ ಸಾವಿರಾರು ಜನರಿಗೆ ಚುಚ್ಚಿದ್ದು ಅದೇ ಲಸಿಕೆ.

ಮೆಚ್ನಿಕಾಫ್ 1916ರ ಜುಲೈಯಲ್ಲಿ, ಮಹಾಯುದ್ಧದ ನಡುವೆ, ಹೃದಯದ ಕಾಯಿಲೆಯಿಂದ ತೀರಿಕೊಂಡರು. 71 ವರ್ಷ ವಯಸ್ಸಾಗಿತ್ತು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪುಸ್ತಕಗಳ ನಡುವೆ ಇಟ್ಟರು.