ಸಿಒಪಿಡಿ ಇದ್ದವರು ನಡೆಯಲೇಬಾರದೇ? ಡಾ. ಬರಾಕ್ ಕಂಡುಕೊಂಡ ಸತ್ಯ

ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದವರು ಆಯಾಸ ಮಾಡಿಕೊಳ್ಳದೆ ಮಲಗಿರಬೇಕು ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಹಿಂದೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ಡಾ. ಆಲ್ವನ್ ಬರಾಕ್ ಪ್ರಮುಖರು.

1895ರಲ್ಲಿ ಹುಟ್ಟಿದ ಬರಾಕ್ ನ್ಯೂಯಾರ್ಕ್‌ನಲ್ಲಿ ವೈದ್ಯರಾಗಿದ್ದರು. 1920ರ ದಶಕದಲ್ಲಿ ಹಾಸಿಗೆಯ ಮೇಲೆ ಕಟ್ಟುವ ಆಕ್ಸಿಜನ್ ಟೆಂಟನ್ನು ಸುಧಾರಿಸಿದರು. 1930ರ ದಶಕದಲ್ಲಿ ಉಸಿರಾಟ ಹಗುರಾಗಲೆಂದು ಆಕ್ಸಿಜನ್‌ಗೆ ಹೀಲಿಯಂ ಬೆರೆಸಿ ಕೊಟ್ಟರು. ಮುಂದೆ ಅವರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ, ಆಕ್ಸಿಜನ್ ಕೊಡುತ್ತಲೇ ನಡೆಸಿದರು. ದಿನ ಕಳೆದಂತೆ ಕೆಲವರು ಆಕ್ಸಿಜನ್ ಇಲ್ಲದೆಯೂ ಏದುಸಿರಿಲ್ಲದೆ ನಡೆಯತೊಡಗಿದರು. ಕ್ರೀಡಾಪಟುಗಳು ತರಬೇತಿಯಿಂದ ಬಲಗೊಳ್ಳುವ ಹಾಗೆಯೇ ಇದು ಎಂದು 1952ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಬರೆದರು. 1977ರಲ್ಲಿ ಬರಾಕ್ ತೀರಿಕೊಂಡರು.

ಇದರ ಕಾರಣ ಈಗ ನಮಗೆ ಸ್ಪಷ್ಟ. ಕೂತೇ ಇದ್ದರೆ ಕಾಲಿನ ಸ್ನಾಯುಗಳು ಸೊರಗುತ್ತವೆ, ಸಣ್ಣ ಕೆಲಸಕ್ಕೂ ಹೆಚ್ಚು ಉಸಿರು ಬೇಕಾಗುತ್ತದೆ. ವ್ಯಾಯಾಮದಿಂದ ಹಾಳಾದ ಶ್ವಾಸಕೋಶ ಸರಿಹೋಗದು. ಆದರೆ ಸ್ನಾಯು ಗಟ್ಟಿಯಾಗಿ ಏದುಸಿರು ತಗ್ಗುತ್ತದೆ.

ಮನೆಯಲ್ಲಿ ಇಂಥ ರೋಗಿಗಳಿದ್ದರೆ ವೈದ್ಯರನ್ನು ಕೇಳಿ, ಕೆಲವೇ ನಿಮಿಷಗಳ ನಿಧಾನ ನಡಿಗೆಯಿಂದ ಶುರುಮಾಡಿಸೋಣ. ಎದೆನೋವು ಅಥವಾ ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸೋಣ.