ಹೈದರನ ಎತ್ತಿನ ಲೆಕ್ಕ

ನಮ್ಮ ಹುಡುಗರ ಕೈಗೆ ಒಂದು ಹಳೇ ಜೀಪು ಸಿಕ್ಕರೆ ಮಾತು ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಲೀಫ್ ಸ್ಪ್ರಿಂಗ್‌ಗೆ ಇನ್ನೆರಡು ಪಟ್ಟಿ ಸೇರಿಸೋಣ, ದೊಡ್ಡ ಟೈರ್ ಹಾಕೋಣ, ಇನ್ನೊಂದು ಡೀಸೆಲ್ ಟ್ಯಾಂಕ್ ಕೂರಿಸೋಣ! ಆಮೇಲೆ ಲೆಕ್ಕ ಮಾಡಿದಾಗ ಜಗಳ ಶುರು. ಟ್ಯಾಂಕಿನ ಭಾರ ಹೆಚ್ಚಿದರೆ ಸಾಮಾನಿಗೆ ಜಾಗ ಇಲ್ಲ, ಸಾಮಾನು ಹೇರಿದರೆ ದೂರ ಹೋಗಲ್ಲ. ಇದೇ ಲೆಕ್ಕವನ್ನು ರಸ್ತೆಯೇ ಇಲ್ಲದ ಕಾಲದಲ್ಲಿ ಜೀವನಪೂರ್ತಿ ಮಾಡಿದವನು ಹೈದರ್ ಅಲಿ. ಅವನಿಗೆ ಓದು ಬರಹ ಬರುತ್ತಿರಲಿಲ್ಲ.

ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ. ಅಪ್ಪ ಫತೇ ಮಹಮ್ಮದ್ ನಮ್ಮ ಶಿರಾದ ನವಾಬನ ಕೈಕೆಳಗೆ ಫೌಜುದಾರನಾಗಿದ್ದು, ಯುದ್ಧದಲ್ಲಿ ಸತ್ತ. ಆಮೇಲೆ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನ್ ಸಾಲದ ನೆಪ ಹೇಳಿ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂರಿಸಿ ಹಿಂಸಿಸಿದ ಎಂಬ ಕತೆಯನ್ನು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಹುಡುಗ ಅದನ್ನು ಮರೆಯಲಿಲ್ಲ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ, ಫ್ರೆಂಚ್ ಕುಶಲಕರ್ಮಿಗಳನ್ನು ಇಟ್ಟುಕೊಂಡು ತೋಪುಖಾನೆ ಕಟ್ಟಿದ. 1761ರಲ್ಲಿ ಮೈಸೂರಿನ ಅಧಿಕಾರ ಅವನ ಕೈಗೆ ಬಂತು. ಅದೇ ಹೊತ್ತಿಗೆ ಶಿರಾವೂ ಸಿಕ್ಕಿತು, ಜೊತೆಗೆ ನವಾಬ ಎಂಬ ಬಿರುದು. ಅಪ್ಪ ಚಾಕರಿ ಮಾಡಿದ ಊರಿಗೆ ಮಗ ಒಡೆಯ.

ತೋಪು ಎರಕ ಹೊಯ್ಯುವುದು ಒಂದು ಕೆಲಸ, ಅದನ್ನು ಎಳೆಯುವುದು ಬೇರೆ ಕೆಲಸ. ಎಳೆಯುವುದಕ್ಕೆ ಹೈದರ್ ಹೊಸದೇನೂ ಕಂಡುಹಿಡಿಯಲಿಲ್ಲ, ಇದ್ದದ್ದನ್ನೇ ಮಾರ್ಪಾಡು ಮಾಡಿದ. ಚಿಕ್ಕದೇವರಾಜ ಒಡೆಯರ ಕಾಲದಿಂದ ಅರಮನೆಗೆ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಇತ್ತು, ಹೆಸರೇ ಹೇಳುವ ಹಾಗೆ ಹಾಲು ಬೆಣ್ಣೆಗೆ. ಹೈದರ್ ಪಾಳೆಯಗಾರರ ಒಳ್ಳೇ ತಳಿಗಳನ್ನೂ ಅದಕ್ಕೆ ಸೇರಿಸಿ, ದಂಡಿನ ತೋಪು ಮತ್ತು ಸಾಮಾನು ಎಳೆಯುವ ಎತ್ತುಗಳನ್ನು ಬೆಳೆಸಿದ. ಮುಂದೆ ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹೆಸರಿನಲ್ಲಿ ಅಮೃತ ಇದ್ದರೂ ಈ ತಳಿಯ ಹಸು ಕೊಡುವ ಹಾಲು ಬಹಳ ಕಮ್ಮಿ! ತಳಿಯನ್ನು ಆರಿಸಿದ್ದೇ ವೇಗಕ್ಕೆ ಮತ್ತು ತಾಳಿಕೆಗೆ.

ಎತ್ತೇ ಯಾಕೆ? ಕುದುರೆಗೆ ದಿನಾ ಹುರುಳಿ ಬೇಕು, ಅದನ್ನು ಹೊರೋಕೆ ಇನ್ನೊಂದಷ್ಟು ಪ್ರಾಣಿ ಬೇಕು. ಎತ್ತು ಒಣಹುಲ್ಲಿನಲ್ಲೂ ಬದುಕುತ್ತೆ, ದಾರಿಯಲ್ಲಿ ಮೇಯುತ್ತೆ. ಅಂದರೆ ಅರ್ಧ ಇಂಧನ ದಾರಿಯಲ್ಲೇ ಬೆಳೆದಿರುತ್ತೆ. ಗಾಲಿ ಕೆಸರಲ್ಲಿ ಹೂತರೆ ಹಿಂದಿನಿಂದ ಆನೆ ಹಣೆಕೊಟ್ಟು ನೂಕುತ್ತಿತ್ತು, ಆ ಕಾಲದ ಫೋರ್ ವೀಲ್ ಡ್ರೈವ್ ಅನ್ನಿ. ದಂಡಿನ ಹಿಂದೆ ಬಂಜಾರರ ಹೇರೆತ್ತುಗಳು ಧಾನ್ಯ ಹೊತ್ತು ಬರುತ್ತಿದ್ದವು. ನಮ್ಮ ಕಡೆ ಆಗ ವ್ಯಾಪಾರವೆಲ್ಲ ನಡೆಯುತ್ತಿದ್ದದ್ದೂ ಇಂಥ ಹೇರೆತ್ತುಗಳ ಬೆನ್ನ ಮೇಲೆಯೇ. 1800ರಲ್ಲಿ ಬಂದ ಬುಕಾನನ್ ಗುಬ್ಬಿಯನ್ನು ದೊಡ್ಡ ಸಂತೆಯ ಊರಾಗಿ ಕಂಡದ್ದು ಅದೇ ವ್ಯಾಪಾರದಿಂದ.

ಎರಡು ಪಯಣ ನೋಡಿ. 1769ರಲ್ಲಿ ಹೈದರ್ ತೋಪು, ಸಾಮಾನು ಎಲ್ಲ ಬಿಟ್ಟು, 6,000 ಕುದುರೆ ಸವಾರರ ಜೊತೆ 130 ಮೈಲಿಯನ್ನು ಮೂರೂವರೆ ದಿನದಲ್ಲಿ ದಾಟಿ ಮದರಾಸಿನ ಬಾಗಿಲಿಗೆ ಬಂದು ನಿಂತ. ಇಂಗ್ಲಿಷರು ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಬಂದರು. ನಗಾರಿಯ ಅಬ್ಬಾಸ್ ಕುಲಿ ಖಾನ್ ಆಗ ಮದರಾಸಿನಲ್ಲೇ ತಲೆಮರೆಸಿಕೊಂಡಿದ್ದ. ಹೈದರ್ ಬಂದನೆಂದು ಕೇಳಿ ಹಡಗು ಹತ್ತಿದವನು ಅವನು ಹೋಗುವ ತನಕ ದಡಕ್ಕೆ ಇಳಿಯಲಿಲ್ಲವಂತೆ.

ಇನ್ನೊಂದು 1781ರ ಜೂನ್. ಕೂಟ್ ಎಂಬ ಇಂಗ್ಲಿಷ್ ಸೇನಾಪತಿ ಚಿದಂಬರದ ಮೇಲೆ ಬಿದ್ದ ಸುದ್ದಿ ತಿಳಿದು ಹೈದರ್ ಈ ಸಲ ತೋಪುಗಳನ್ನೂ ಎಳೆಸಿಕೊಂಡು 100 ಮೈಲಿಯನ್ನು ಎರಡೂವರೆ ದಿನದಲ್ಲಿ ಮುಗಿಸಿದ. ಕಿಲೋಮೀಟರಿಗೆ ಇಳಿಸಿ ನೋಡಿದೆವು. ಬರಿಗೈ ಕುದುರೆಗಳದ್ದು ದಿನಕ್ಕೆ ಸುಮಾರು 60, ತೋಪು ಎಳೆದ ಎತ್ತುಗಳದ್ದು ಸುಮಾರು 64! ಹೆಚ್ಚು ಕಡಿಮೆ ದಿನಾ ತುಮಕೂರಿಂದ ಬೆಂಗಳೂರು. ಎರಡನೆಯದು ಕಾವೇರಿ ಬಯಲಿನ ಸಮತಟ್ಟು ನೆಲ, ನಿಜ. ಆದರೂ ನಮಗೆ ನಂಬೋಕೆ ಸ್ವಲ್ಪ ಹೊತ್ತು ಹಿಡೀತು.

ಇಷ್ಟಾದರೂ ಜುಲೈ 1ರಂದು ಪರಂಗಿಪೇಟೆಯಲ್ಲಿ ಹೈದರ್ ಸೋತ. ಬೇಗ ತಲುಪಿದ ಮಾತ್ರಕ್ಕೆ ಯುದ್ಧ ಗೆಲ್ಲಲಿಲ್ಲ. ಆದರೆ ತೋಪುಗಳನ್ನು ಉಳಿಸಿಕೊಂಡು ಹಿಂದೆ ಸರಿದ. ಗೆದ್ದ ಕೂಟನ ಬಳಿ ಬೆನ್ನಟ್ಟುವಷ್ಟು ಎತ್ತೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಹಡಗಿನಲ್ಲಿ ಬರುವ ಅಕ್ಕಿಗಾಗಿ ಸಮುದ್ರದ ದಡ ಬಿಟ್ಟು ದೂರ ಹೋಗಲಾರದ ಸ್ಥಿತಿ ಅವನದು. ಯಾರ ಸೋಲು ದೊಡ್ಡದು ಎಂಬ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತ ಇಲ್ಲ.

ಬೆನ್ನಿನ ಹುಣ್ಣಿನಿಂದ ನರಳಿ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲೇ ಹೈದರ್ ತೀರಿಕೊಂಡ. ಸಮಾಧಿ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ. ಮಗ ಟಿಪ್ಪು ಸವಾರರ ಕುದುರೆಗಳಿಗಾಗಿ ಕುಣಿಗಲ್ಲಿನಲ್ಲಿ ಕಟ್ಟಿಸಿದ ಎನ್ನುವ ಫಾರಂನಲ್ಲಿ ಮುಂದೆ ಬೆಳೆದದ್ದು ರೇಸಿನ ಕುದುರೆಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅಮೃತಮಹಲ್ ದನಗಳನ್ನು ತಮ್ಮ ತೋಪುಗಳಿಗೇ ಕಟ್ಟಿಕೊಂಡರು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದರೆ, ಅದೇ ಬಳಗದ ಹಳ್ಳಿಕಾರ್ ಎತ್ತುಗಳು ಸಾಲಾಗಿ ನಿಂತಿರುತ್ತವೆ, ಉದ್ದ ಕೊಂಬು ಹಿಂದಕ್ಕೆ ಬಾಗಿಸಿಕೊಂಡು.